ಓಣಿಯ ಪೈಲಟ್ಟಿನ ಐದು ಪೇಪರು

ವಿಮಾನದ ಪೈಲಟ್ ಆಗಬೇಕಾದರೆ ಮೊದಲು ನೆಲದ ಮೇಲೆ ಕೂತು ಐದು ಪೇಪರು ಪಾಸು ಮಾಡಬೇಕು. ಇಷ್ಟನ್ನು ಶಹಾಪುರದ ನಮ್ಮ ಓಣಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹೈದರಾಬಾದಿನಲ್ಲಿ ಕ್ಲಾಸು ಮುಗಿಸಿ, ಓದಿಕೊಳ್ಳಲು ಮನೆಗೆ ಬಂದ ದಿನದಿಂದ ಒಂದಿಲ್ಲೊಂದು ನಡೆದೇ ಇದೆ. ನನಗೋ ಗಡುವಿನ ಚಿಂತೆ. ಈ ವರ್ಷ ಐದೂ ಪಾಸಾಗದಿದ್ದರೆ ವಿಮಾನ ಹಾರಿಸಲು ಕಲಿಸುವ ಸರ್ಕಾರದ ಸ್ಕಾಲರ್‌ಶಿಪ್ ಸೀಟು ಇನ್ನೊಬ್ಬರ ಪಾಲಾಗುತ್ತಿತ್ತು.

ಮಳೆ ಬಾರದ ದಿನ

ಹವಾಮಾನದ ಪೇಪರಿಗೆ ಮಾಳಿಗೆಯ ಮೇಲೆ ಕೂತು, ಮೋಡ ನೋಡಿಕೊಂಡು ಓದುತ್ತಿದ್ದೆ. ಪಕ್ಕದ ಮನೆಯ ಕಾಕು ಅದನ್ನು ಎರಡು ದಿನ ಗಮನಿಸಿ, ಮೂರನೆಯ ದಿನ ಸಂಡಿಗೆ ಹಿಟ್ಟಿನ ಬೋಗಾಣಿ ಹೊತ್ತು ಬಂದರು.

“ಇವತ್ತ ಮಳಿ ಬರ್ತದೇನವ್ವ?”

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. “ಇಲ್ರಿ ಕಾಕು. ಆ ಮೋಡ ಭಾಳ ಎತ್ತರದಾಗ ಅದ. ಅದು ಮಳಿ ಮೋಡ ಅಲ್ಲ.”

ಸುದ್ದಿ ಓಣಿಗೆಲ್ಲ ಹಬ್ಬಿ, ಏಳು ಮಾಳಿಗೆಗಳ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಹಾಕಿದರು. ಮೂರು ಗಂಟೆಗೆ ಬಂದ ಮಳೆ ಏಳೂ ಸೀರೆಗಳನ್ನು ತೊಳೆದು ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ತಿಂಗಳು ಆ ಪೇಪರಿನಲ್ಲಿ ನೂರಕ್ಕೆ ತೊಂಬತ್ತೊಂದು ಬಂತು. ಪೇಢೆ ಹಿಡಿದು ಮೊದಲು ಕಾಕುವಿನ ಮನೆಗೇ ಹೋದೆ. ಕಾಕು ಪೇಢೆ ಬಾಯಿಗೆ ಹಾಕಿಕೊಂಡು, ನನ್ನ ಕೆನ್ನೆ ಸವರಿ ಕೇಳಿದರು, “ಪೇಪರ್ ತಿದ್ದಿದವರ ಮನ್ಯಾಗ ಸಂಡಿಗಿ ಹಾಕಂಗಿಲ್ಲೇನವ್ವ?”

ಎಡಕ್ಕೋ ಬಲಕ್ಕೋ

ನಮ್ಮಪ್ಪ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಗೂ ಬಸ್ಸು ತಾಗಿಸಿದವನಲ್ಲ, ಅದರ ಬಗ್ಗೆ ಸ್ವಲ್ಪ ಬಿಗುಮಾನವೂ ಇದೆ. ನಿಯಮಗಳ ಪೇಪರು ಅಂದ ಕೂಡಲೇ, “ಅದು ನನ್ನ ಲೈನು. ನಾ ಕೇಳ್ತೀನಿ, ನೀ ಹೇಳು,” ಎಂದು ಪುಸ್ತಕ ಇಸಿದುಕೊಂಡು, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದ.

“ಎರಡು ವಿಮಾನ ಎದುರಾಬದುರು ಬಂದ್ರ?”

“ಇಬ್ರೂ ಬಲಕ್ಕ ತಿರುಗಬೇಕು.”

ಅಪ್ಪನ ಮುಖ ಬಿಳುಚಿಕೊಂಡಿತು. “ಬಲಕ್ಕ? ಹುಚ್ಚಿ ಏನು ನೀ? ಬಲಕ್ಕ ಹೋದ್ರ ಎದುರಿನ ಲಾರಿಗೆ ಹೋಗಿ ಬಡೀತಿ.”

ಆಕಾಶದಲ್ಲಿ ಲಾರಿ ಇರುವುದಿಲ್ಲ ಎಂದು ಹೇಳಿ, ಪುಸ್ತಕದಲ್ಲೇ ನಿಯಮ ತೋರಿಸಿದೆ. ಅಪ್ಪ ಎರಡು ಸಲ ಓದಿ, “ತಪ್ಪು ಛಾಪಿಸ್ಯಾರ,” ಎಂದ. ಮರುದಿನ ಪುಸ್ತಕ ತೆರೆದರೆ ಆ ಸಾಲಿಗೆ ಕೆಂಪು ಗೆರೆ ಹೊಡೆದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಡಕ್ಕ’ ಎಂದು ಬರೆದಿತ್ತು. ಕೆಳಗೆ ಅಪ್ಪನ ಸಹಿ. ನಗುವೂ ಬಂತು, ಕಣ್ಣೂ ತುಂಬಿತು.

ಪರೀಕ್ಷೆಯಲ್ಲಿ ಬಲಕ್ಕೆ ಎಂದೇ ಉತ್ತರ ಕೊಟ್ಟು ಪಾಸಾದೆ ಅಂದಾಗ ಅಪ್ಪ ಪುಸ್ತಕ ತೆರೆದು ತನ್ನ ಸಹಿಯನ್ನು ಇನ್ನೊಮ್ಮೆ ನೋಡಿಕೊಂಡ. ಆಮೇಲೆ ಅಂದ, “ಆಯ್ತು, ಮ್ಯಾಲ ಅವರು ಹೇಳಿದಂಗ ಹೋಗು. ಇಳಿದು ಮನಿಗೆ ಬರೂ ಮುಂದ ಎಡಕ್ಕ ಬಾ.”

ಹೊಳೆಯ ಪಾಠ

ನಾಲ್ಕು ಮುಗಿದು ನ್ಯಾವಿಗೇಶನ್ ಉಳಿಯಿತು, ಅಂದರೆ ದಾರಿಯ ಲೆಕ್ಕ. ಅದರಲ್ಲಿ ಎರಡು ಸಲ ಫೇಲಾದೆ. ಪಕ್ಕದಿಂದ ಗಾಳಿ ಬೀಸುವಾಗ ವಿಮಾನದ ಮೂತಿಯನ್ನು ಎಷ್ಟು ತಿರುಗಿಸಬೇಕು ಎಂಬಲ್ಲೇ ಪ್ರತಿ ಸಲ ಎಡವುತ್ತಿದ್ದೆ. ಇನ್ನು ಇದ್ದದ್ದು ಒಂದೇ ಅವಕಾಶ. ಅವ್ವ ಮೌನೇಶ್ವರನಿಗೆ ಕಾಯಿ ಒಡೆಸಲು ನನ್ನನ್ನು ತನ್ನ ತವರು ತಿಂಥಣಿಗೆ ಕರೆದೊಯ್ದಳು. ಅವ್ವನ ಅಪ್ಪ, ನನ್ನ ಮುತ್ಯಾ, ಒಂದು ಕಾಲಕ್ಕೆ ಅಲ್ಲಿ ಹರಿಗೋಲಿನಲ್ಲಿ ಜನರನ್ನು ಕೃಷ್ಣೆ ದಾಟಿಸುತ್ತಿದ್ದವನು.

ನನ್ನ ಗೋಳು ಕೇಳಿದ ಮುತ್ಯಾ ಹೊಳೆಯ ದಂಡೆಗೆ ಕರೆದುಕೊಂಡು ಹೋದ. “ಆಚಿ ದಂಡಿಯಿಂದ ಗುಡಿ ಮೆಟ್ಟಿಲಿಗೆ ಬರಬೇಕಂದ್ರ ಮೆಟ್ಟಿಲ ನೋಡಿ ಹುಟ್ಟು ಹಾಕಬಾರದು. ನೀರು ಕೆಳಗ ಎಳಕೊಂಡು ಹೋಗ್ತದ. ಮ್ಯಾಲಿನ ಆ ಬೇವಿನ ಗಿಡ ನೋಡಿ ಹಾಕಬೇಕು. ಬಂದು ಮೆಟ್ಟಿಲಿಗೇ ಹತ್ತತಿ.”

“ನೀರು ಜೋರಿದ್ರ?”

“ಇನ್ನೂ ಮ್ಯಾಲಿನ ಗಿಡ.”

ಆರು ತಿಂಗಳು ತಲೆಗೆ ಹೋಗದ್ದು ಅರೆಗಳಿಗೆಯಲ್ಲಿ ಹೋಯಿತು. ಗಾಳಿಯೇ ಹೊಳೆ, ವಿಮಾನವೇ ಹರಿಗೋಲು. ಮುತ್ಯಾನ ಕಾಲು ಮುಟ್ಟಿ, ಇದರಲ್ಲೇ ನಾನು ಎರಡು ಸಲ ಫೇಲಾದದ್ದು ಎಂದೆ.

“ಎರಡು ಸಲ ಭಾಳ ಆತು ಬಿಡವ್ವ,” ಎಂದ ಮುತ್ಯಾ. “ಈ ಹೊಳ್ಯಾಗ ನಾ ಒಂದು ಸಲ ಫೇಲಾಗಿದ್ರೂ ನಿಮ್ಮವ್ವ ಹುಟ್ತಿದ್ದಿಲ್ಲ.”

ರಿಜಲ್ಟ್ ಬಂದ ಬಸ್ಸು

ಫಲಿತಾಂಶದ ದಿನ ಮನೆಯಲ್ಲಿ ಕೂರಲಾಗದೆ, ಅಪ್ಪ ಓಡಿಸುವ ಸುರಪುರ–ಯಾದಗಿರಿ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತೆ. ಶಹಾಪುರ ದಾಟಿದ ಮೇಲೆ ಮೊಬೈಲಿಗೆ ರಿಜಲ್ಟ್ ಬಂತು. ನೋಡಿದವಳೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಕನ್ನಡಿಯಲ್ಲಿ ನೋಡಿ, ಬಸ್ಸನ್ನು ರಸ್ತೆ ಬದಿಗೆ ಹಾಕಿ, ಎದ್ದು ನಿಂತು ಎಲ್ಲರಿಗೂ ಕೈ ಮುಗಿದ.

“ಮಗಳು ಫೇಲಾಗ್ಯಾಳ್ರಿ. ಐದು ಮಿನಿಟ ತಡೀರಿ.”

ಇಡೀ ಬಸ್ಸು ನನ್ನ ಸಮಾಧಾನಕ್ಕೆ ನಿಂತಿತು. ಒಬ್ಬರು ನೀರು ಕೊಟ್ಟರು. ಒಬ್ಬ ಮಾಸ್ತರರು ತಾವು ಹತ್ತನೆಯದರಲ್ಲಿ ಮೂರು ಸಲ ಡುಮ್ಕಿ ಹೊಡೆದದ್ದನ್ನು ಜೀವನದಲ್ಲಿ ಮೊದಲ ಸಲ ನಾಲ್ಕು ಜನರೆದುರು ಒಪ್ಪಿಕೊಂಡರು. ಒಬ್ಬ ಮುದುಕಿ ಬುಟ್ಟಿಯಿಂದ ಪೇರಲಹಣ್ಣು ತೆಗೆದು ನನ್ನ ಕೈಗಿಟ್ಟು, “ತಿನ್ನವ್ವ, ಅತ್ತ ಮ್ಯಾಲ ಹಸಿವಾಗ್ತದ,” ಎಂದಳು. ಬಾಯಿ ತೆರೆಯಲು ನನಗೆ ಯಾರೂ ಬಿಡಲಿಲ್ಲ. ಕೊನೆಗೆ ಹೇಗೋ, “ಅಪ್ಪಾ, ಪಾಸಾಗೀನಿ. ಐದೂ ಮುಗದಾವ,” ಎಂದೆ.

ಅಪ್ಪ ಹೋಗಿ ತನ್ನ ಸೀಟಿನಲ್ಲಿ ಕೂತ. ಕೂತವನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅಳತೊಡಗಿದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆನ್ನು ಸವರುತ್ತ ನಿಂತೆ. ಹತ್ತು ಮಿನಿಟಾದರೂ ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಗಡಿಯಾರ ನೋಡಿ, “ತಂಗಿ, ಪೈಲಟ್ ಪರೀಕ್ಷಾ ಪಾಸಾಗೀದಿ. ಯಾದಗಿರಿ ತನಕ ನೀನೇ ಹೊಡಿ,” ಎಂದ.

“ಅಣ್ಣಾ, ನನಗ ಬಸ್ ಬರಂಗಿಲ್ಲ. ಸ್ಕೂಟೀನೂ ಬರಂಗಿಲ್ಲ.”

ಪೇರಲಹಣ್ಣಿನ ಮುದುಕಿ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಪಕ್ಕದವಳ ಕಡೆ ಬಾಗಿ ಹೇಳಿದಳು:

“ಅದಕ್ಕ ನೋಡು, ಪಾಪ, ಅಪ್ಪ ಅಳಾಕತ್ತಾನ.”