ಲಾರ್ಡ್ ಎಂದರೆ ರೊಟ್ಟಿ ಕಾಯುವವನು

ಇಂಗ್ಲಿಷ್, ಜರ್ಮನ್, ಡಚ್ ಭಾಷೆಗಳ ಪದಗಳ ಹುಟ್ಟು ಬಲ್ಲವರು ಬ್ರಿಟಿಷರ ಕಾಲದ ಮೂಡಲಗಿಯಲ್ಲಿ ಒಬ್ಬರೇ ಇದ್ದರು. ಆ ಒಬ್ಬರು ನಾನು. ಅವುಗಳಲ್ಲಿ ಎರಡನ್ನು ಮಾತಾಡುವುದನ್ನು ನಾನು ಕೇಳಿರಲೇ ಇಲ್ಲ, ಅದು ಬೇರೆ ಮಾತು. ಸಂಕೇಶ್ವರದ ಸಂತೆಯಲ್ಲಿ ರಟ್ಟು ಹರಿದ ಒಂದು ಪುಸ್ತಕ ಸಿಕ್ಕಿತ್ತು. ಸಾಲಿ ಮಾಸ್ತರನಿಗೆ ಇನ್ನೇನು ಬೇಕು!

ಅಂದು ನನ್ನ ಹೆಂಡತಿಯ ತಂಗಿ ಕಾಶವ್ವನನ್ನು ನೋಡಲು ಹುಕ್ಕೇರಿಯಿಂದ ಗಂಡಿನವರು ಬರುವವರಿದ್ದರು. ತಂದೆಯಿಲ್ಲದ ಹುಡುಗಿ, ನಮ್ಮಲ್ಲೇ ಬೆಳೆದವಳು. ಹಿಂದೆ ಎರಡು ಸಂಬಂಧ ಮುರಿದಿದ್ದವು. ಬೀಗರ ಊಟಕ್ಕೆಂದು ಓಣಿಯ ಎಂಟು ಮನೆಗೆ ಜೋಳದ ಹಿಟ್ಟು ಹಂಚಿದ್ದೆವು. ಅಲ್ಲಿನ ಹೆಂಗಸರು ಬಡಿದು ಕಳಿಸಿದ ಕಡಕ್ ರೊಟ್ಟಿ ಬುಟ್ಟಿ ತುಂಬ ಇದ್ದವು. ಎಷ್ಟೆಂದು ಕೇಳಬೇಡಿ. ನಾನು ಈ ಕಥೆ ಹೇಳಿದಾಗಲೆಲ್ಲ ಅವು ಕಡಿಮೆಯಾಗುತ್ತವೆ, ಹೆಂಡತಿ ಹೇಳಿದಾಗ ಹೆಚ್ಚುತ್ತವೆ.

"ಏನ್ರಿ, ಕಾಶಿಗೆ ಸೀರಿ ಉಡಿಸಾಕ ಹಿಂದಿನ ಮನಿಗೆ ಹೊಂಟೇನಿ," ಎಂದಳು ಹೆಂಡತಿ ಗಂಗವ್ವ. "ಕಟ್ಟಿ ಮ್ಯಾಲ ಕುಂತು ರೊಟ್ಟಿ ಕಾಯ್ರಿ. ಮತ್ತೇನೂ ಮಾಡಬ್ಯಾಡ್ರಿ!"

ನಾನು ಪುಟಿದೆದ್ದೆ. "ಗಂಗಾ, ಲಾರ್ಡ್ ಅಂದ್ರ ಏನು ಗೊತ್ತೇನ? ಮೂಲದಾಗ ರೊಟ್ಟಿ ಕಾಯಾಂವ!"

"ಹಂಗಾರ ನಮ್ಮ ನಾಯೀನೂ ಲಾರ್ಡ್ ಆತು," ಎಂದು ಹೊರಟೇಬಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಮಲ್ಲಪ್ಪ ಬಂದ. ನನ್ನ ವ್ಯಾಖ್ಯಾನ ಆರಂಭವಾಯಿತು. ಇಂಗ್ಲಿಷಿನ ಲೋಫ್, ಜರ್ಮನ್ನಿನ ಲೈಬ್ ಒಂದೇ ತಾಯಿಯ ಮಕ್ಕಳು, ಎರಡೂ ರೊಟ್ಟಿಯ ಕುಲ. ಅದನ್ನು ಕಾಯುವವನು ಲಾರ್ಡ್, ಹಿಟ್ಟು ನಾದುವವಳು ಲೇಡಿ. ಆ ರೊಟ್ಟಿ ತಿಂದುಕೊಂಡು ಇರುವವನಿಗೆ ಹಳೆಯ ಇಂಗ್ಲಿಷಿನಲ್ಲಿ 'ರೊಟ್ಟಿ ತಿನ್ನುವವ' ಎಂದೇ ಹೆಸರು. ಅಂದರೆ ಆಳು!

"ಹಂಗಾರ ಮುಂಬೈ ಗವರ್ನರ, ನಮ್ಮ ಲಾಟಸಾಹೇಬ, ಕಾಯೂದು ಯಾರ ರೊಟ್ಟಿರಿ ಮಾಸ್ತರ?"

"ನಮ್ಮದ."

"ಅದಕ್ಕ ದೇಶದ ಬುಟ್ಟಿ ಖಾಲಿ!"

ಶಾಸ್ತ್ರವನ್ನು ಪ್ರಯೋಗದಿಂದ ಸಾಬೀತುಪಡಿಸಬೇಕಲ್ಲ? ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಟ್ಟೆ. "ತಿನ್ನು. ಈಗ ನಾ ಲಾರ್ಡ್, ನೀ ಆಳು."

ಮಲ್ಲಪ್ಪ ಕಟುಂ ಎಂದು ಮುರಿದ. "ಒಣಾ ರೊಟ್ಟ್ಯಾಗ ವಿದ್ಯಾ ಇಳಿಯೂದಿಲ್ರಿ. ಶೇಂಗಾ ಹಿಂಡಿ ಐತೇನ್ರಿ?"

ಹಿಂಡಿಯೆಂದರೆ ಚಟ್ನಿಪುಡಿ; ತಂದೆ. ಹಿಂಡಿಗೆ ಮೊಸರು ಬೇಕಾಯಿತು. ಮೊಸರಿಗೆ ಉಳ್ಳಾಗಡ್ಡಿ. ಮಲ್ಲಪ್ಪ ಹಾದು ಹೋಗುವವರನ್ನೆಲ್ಲ ಕೂಗಿ ಕರೆದ. ಕಟ್ಟೆ ತುಂಬಿತು. "ಇನ್ನೊಂದು ಶಬ್ದ ಹೇಳ್ರಿ ಮಾಸ್ತರ!" ಎನ್ನುತ್ತ ಕೈ ಚಾಚುತ್ತಿದ್ದರು. ಗೋಕಾಕ ತಾಲೂಕಿನಲ್ಲಿ ಪದಶಾಸ್ತ್ರಕ್ಕೆ ಇಷ್ಟು ಹಸಿವು ಇದೆಯೆಂದು ನಾನು ಅಂದುಕೊಂಡಿರಲಿಲ್ಲ!

ರುಮಾಲು ಸುತ್ತಿದ, ಮೈಯೆಲ್ಲ ಧೂಳಾದ ಅಪರಿಚಿತನೊಬ್ಬ ಬಂದು ಕಟ್ಟೆಯ ತುದಿಗೆ ಕುಳಿತ. ನಾನು ಉದಾರವಾಗಿ ಎರಡು ರೊಟ್ಟಿ ಕೊಟ್ಟು ಘೋಷಿಸಿದೆ: "ತಿನ್ನೋ! ಇವತ್ತಿನಿಂದ ನೀ ನನ್ನ ಆಳು!"

ಆತ ಹಿಂಡಿ ಹಚ್ಚಿಕೊಂಡು ತಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಗಂಗವ್ವ ಕಾಶವ್ವನೊಂದಿಗೆ ಬಂದವಳು ಗಕ್ಕನೆ ನಿಂತು ಸೆರಗು ಹೊದ್ದಳು. "ಅಯ್ಯ, ಬೀಗರ! ಯಾವಾಗ ಬಂದ್ರಿ?" ಗಂಡಿನ ತಂದೆಯನ್ನು ಅವಳು ಹಿಂದೆ ಕಂಡಿದ್ದಳು, ನಾನು ಕಂಡಿರಲಿಲ್ಲ.

"ಚಕ್ಕಡಿ ಹಿಂದ ಬರಾಕತ್ತೈತಿ ತಂಗಿ. ನಾ ಮುಂದ ನಡಕೋತ ಬಂದೆ," ಎಂದ ರುಮಾಲಿನವನು, ತುಟಿಯ ಹಿಂಡಿ ಒರೆಸಿಕೊಳ್ಳುತ್ತ. "ಬರೂದ ತಡ, ಆಳಾಗಿ ಸೇರ್ಕೊಂಡೇನಿ."

ಕಟ್ಟೆ ಕ್ಷಣದಲ್ಲಿ ಖಾಲಿಯಾಯಿತು. ಬುಟ್ಟಿ ಮೊದಲೇ ಆಗಿತ್ತು. ತಳದಲ್ಲಿ ನಾಲ್ಕು ಚೂರು. ಕಾಶವ್ವ ಆ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಕಣ್ಣು ತುಂಬಿತು. ಮೂರನೆಯ ಸಂಬಂಧ!

"ಮಾಮಾ, ಅತ್ತಾಗ ಸರೀರಿ," ಎಂದಳು. ಇಳಕಲ್ ಸೀರೆಯ ಸೆರಗು ಬಿಗಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು, ಸಿಟ್ಟಿನ ಸಪ್ಪಳ. ಪ್ರತಿ ಏಟೂ ನನಗೇ ಬೀಳುವಂತಿತ್ತು. ಚಕ್ಕಡಿ ಬರುವ ಹೊತ್ತಿಗೆ ಬಿಸಿ ರೊಟ್ಟಿ ಸಿದ್ಧವಾಗಿದ್ದವು.

ಬೀಗರು ಮೂರು ತಿಂದು ಕೈ ತೊಳೆದರು. "ಹುಡುಗಿ ಒಪ್ಪಿಗಿ ಐತಿ. ಒಂದ ಕರಾರು."

"ಹೇಳ್ರಿ," ಎಂದಳು ಗಂಗವ್ವ.

"ಲಗ್ನದಾಗ ಮಾಸ್ತರು ಬಾಯಿ ತೆಗೀಬಾರದು. ರೊಟ್ಟಿ ತಿನ್ನಾಕ ಅಷ್ಟ ತೆಗೀಲಿ."

ಮದುವೆಯ ಮೂರು ದಿನವೂ ಕರಾರನ್ನು ಚಾಚೂ ತಪ್ಪದೆ ಪಾಲಿಸಿದೆ. ಮೂಲೆಯಲ್ಲಿ ಕುಳಿತು, ಕೊಟ್ಟಷ್ಟು ರೊಟ್ಟಿ ತಿಂದೆ. ಅಂಥವನಿಗೆ ಹಳೆಯ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮೇಲೆಯೇ ಹೇಳಿದ್ದೇನೆ.