ಅರ್ಧ ವಾಕ್ಯದ ಶಿಮ್ಲಾ ಯಾತ್ರೆ

ಹೆಂಡತಿ ಬೈದರೆ ಸಹಿಸಬಹುದು. ಅರ್ಧ ಬೈದು ನಿಲ್ಲಿಸಿಬಿಟ್ಟರೆ ಹೇಗೆ ಸಹಿಸುವುದು, ನೀವೇ ಹೇಳಿ. ಉಳಿದರ್ಧದಲ್ಲಿ ಏನಿತ್ತೋ ಏನೋ ಎಂದು ಯೋಚಿಸಿ ಯೋಚಿಸಿ ಈ ಚಳಿಗಾಲದಲ್ಲಿ ನಾನು ಅರ್ಧ ಆಳಾಗಿಬಿಟ್ಟೆ. (ಇನ್ನರ್ಧ ಮೊದಲಿಂದಲೂ ಇರಲಿಲ್ಲ ಎಂದು ನನ್ನ ಹೆಂಡತಿಯ ತವರಿನವರು ಹೇಳುತ್ತಾರೆ. ಅವರ ಮಾತು ಬಿಡಿ.)

ನನ್ನ ಹೆಸರು ಡಾಬೆ ರಾಮ್. ಕುಲ್ಲೂ ಕಣಿವೆಯ ಮೇಲ್ತುದಿಯವನು, ಬಸ್ ಕಂಡಕ್ಟರನಾಗಿದ್ದು ನಿವೃತ್ತನಾದವನು. ಪ್ರಯಾಣಿಕ "ಮಂ..." ಎನ್ನುವಷ್ಟರಲ್ಲಿ ಮಂಡಿ ಊರಿಗೆ ಟಿಕೆಟ್ ಹರಿದು ಅವನ ಕೈಗೆ ತುರುಕಿ ಚಿಲ್ಲರೆಗೆ ಕೈಯೊಡ್ಡಿರುತ್ತಿದ್ದೆ. ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುತ್ತ ನಿಂತಿದ್ದರೆ ಆ ಬಸ್ಸು ಇವತ್ತಿಗೂ ಸ್ಟ್ಯಾಂಡು ಬಿಡುತ್ತಿರಲಿಲ್ಲ. ಎದುರಿಗಿರುವವರ ಮಾತನ್ನು ಅವರಿಗಿಂತ ಮೊದಲೇ ಮುಗಿಸಿಕೊಡುವ ಈ ದಿವ್ಯವಿದ್ಯೆಯನ್ನು ಮನೆಯಲ್ಲೂ ಧಾರಾಳವಾಗಿ ಬಳಸುತ್ತ ಬಂದಿದ್ದೇನೆ.

ಸಂಕ್ರಾಂತಿಯ ಬೆಳಿಗ್ಗೆ ಒಲೆಗೆ ಹಸಿ ಸೌದೆ ತಂದಿಟ್ಟೆನೆಂದು ಜಗಳ ಶುರುವಾಯಿತು. ಸೌದೆಯಿಂದ ಹೊಗೆಗೆ, ಹೊಗೆಯಿಂದ ನಮ್ಮಮ್ಮನಿಗೆ, ನಮ್ಮಮ್ಮನಿಂದ ಇಡೀ ನನ್ನ ವಂಶಕ್ಕೆ ಹಬ್ಬಿತು. ಹೆಂಡತಿ ಖಿಮ್‌ದಾಸಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬಿಂದ್ರೂ ಅಪ್ಪ, ಮದುವೆ ಆದಾಗಿಂದ ಒಂದೇ ಒಂದು ಸಲ ಆದ್ರೂ ನೀವು..."

ನಾನು ಅಲ್ಲಿಗೇ ತಡೆದೆ. ಮದುವೆಯಾದಾಗಿನಿಂದ ಏನೇನು ಮಾಡಿದ್ದೇನೆಂದು ಸವಿಸ್ತಾರವಾಗಿ ನಿರೂಪಿಸಿದೆ. ತಂದ ಕುರಿಗಳು, ಕಟ್ಟಿಸಿದ ಅಟ್ಟ, ಮಗಳು ಬಿಂದ್ರೂಗೆ ಹುಡುಕಿದ ವರ, ಯಾವುದನ್ನೂ ಬಿಡಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತೆ, ಅವಳು ಬಾಯಿ ತೆರೆದಳು. ಅಷ್ಟರಲ್ಲಿ ದೇವಸ್ಥಾನದಿಂದ ಉದ್ದ ಕೊಂಬಿನ ದನಿ ಕೇಳಿಸಿತು.

ಮುಗಿಯಿತು. ಪ್ರತಿ ಸಂಕ್ರಾಂತಿಯ ಹಾಗೆ ನಮ್ಮೂರ ದೇವರು ಸ್ವರ್ಗದ ಸಭೆಗೆ ಹೊರಟುಬಿಟ್ಟ. ಅವನು ಫಾಲ್ಗುಣದಲ್ಲಿ ತಿರುಗಿ ಬರುವವರೆಗೆ ನಮ್ಮೂರಿನಲ್ಲಿ ಯಾರೂ ದನಿ ಎತ್ತುವ ಹಾಗಿಲ್ಲ. ರೇಡಿಯೋ ಇಲ್ಲ, ಸಿಳ್ಳೆ ಇಲ್ಲ, ಹಸುವಿನ ಕೊರಳ ಗಂಟೆಗೂ ಬಟ್ಟೆ ಸುತ್ತಿಡುತ್ತೇವೆ. ಖಿಮ್‌ದಾಸಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿ ರೊಟ್ಟಿ ತಟ್ಟಲು ಕೂತಳು.

ಮೆಲ್ಲಗೆ ಮಾತಾಡುವುದಕ್ಕೆ ಅಡ್ಡಿಯಿಲ್ಲ. "ಉಪ್ಪು", "ಸೌದೆ", "ಕಾಲು ಒರೆಸಿಕೊಳ್ಳಿ" ಎಲ್ಲವೂ ಪಿಸುದನಿಯಲ್ಲಿ ನಡೆಯುತ್ತಿತ್ತು. ಆ ವಾಕ್ಯ ಮಾತ್ರ ಬರಲಿಲ್ಲ.

ಒಂದು ದಿನ ತಡೆಯಲಾರದೆ ಅವಳ ಕಿವಿಯ ಹತ್ತಿರ ಹೋಗಿ ಕೇಳಿದೆ. "ಒಂದೇ ಒಂದು ಸಲ ಆದ್ರೂ ನಾನು ಏನು?"

"ಅದನ್ನ ಪಿಸುಗುಟ್ಟೋಕಾಗಲ್ಲ" ಎಂದು ಪಿಸುಗುಟ್ಟಿದಳು. "ಗಂಟಲು ಬಿಟ್ಟು ಹೇಳೋ ಮಾತು ಅದು."

"ಹಾಗಾದ್ರೆ ಹೊಳೆ ದಾಟಿ ಆಚೆ ಕಡೆ ಹೋಗಿ ಹೇಳಿಬಿಡು. ಅಲ್ಲಿ ದೇವರ ಕಟ್ಟಿಲ್ಲ."

"ಅಷ್ಟು ದೊಡ್ಡ ಮಾತನ್ನ ಸೇತುವೆ ಪಕ್ಕದಲ್ಲಿ ನಿಂತು ಹೇಳ್ಲಾ? ನಾನೇನು ಕುರಿ ಕಾಯೋಳಾ?"

ಹೊರಗೆ ಹಿಮ ಬೀಳುತ್ತಲೇ ಇತ್ತು. ಊರು, ತೋಟ, ಬೇಲಿ ಎಲ್ಲ ಬಿಳಿಯ ನಿದ್ದೆಯೊಳಗೆ ಇಳಿದುಹೋಗಿದ್ದವು. ಸೇಬಿನ ಮರದ ಕೊಂಬೆಯಿಂದ ಹಿಮ ಜಾರಿದರೆ ಆ ಸದ್ದೂ ಮನೆಯೊಳಕ್ಕೆ ಕೇಳುತ್ತಿತ್ತು. ಖಿಮ್‌ದಾಸಿ ಒಲೆಯ ಪಕ್ಕ ಉಣ್ಣೆ ನೂಲುತ್ತ, ಕಿಟಕಿಯ ಕಡೆ ನೋಡುತ್ತ, ತನ್ನಷ್ಟಕ್ಕೆ ನಗುತ್ತಿದ್ದಳು. ಏನಿರಬಹುದು ಆ ವಾಕ್ಯ? ಒಂದು ಸಲವಾದರೂ ಚಹಾ ಮಾಡಿಕೊಟ್ಟಿದ್ದೀರಾ? ಮಾಡಿಕೊಟ್ಟೆ. (ಸಕ್ಕರೆ ಯಾವುದು ಉಪ್ಪು ಯಾವುದು ಎಂದು ಜೋರಾಗಿ ಕೇಳುವಂತಿರಲಿಲ್ಲ. ಅವಳು ಕುಡಿದಳು.) ಸೂರಿನ ಹಿಮ ತಳ್ಳಿದ್ದೀರಾ? ತಳ್ಳಿದೆ, ಹಿಮದ ಜೊತೆ ನಾನೂ ಬಿದ್ದೆ. ಬೀಳುವಾಗಲೂ ಕೂಗದೆ ಬಿದ್ದೆನೆಂದು ಊರವರು ಮೆಚ್ಚಿಕೊಂಡರು. ಅವಳು ಮಾತ್ರ ನಕ್ಕಳೇ ಹೊರತು ವಾಕ್ಯ ಮುಗಿಸಲಿಲ್ಲ.

ಆಗ ನನಗೆ ಜ್ಞಾನೋದಯವಾಯಿತು. ಶಿಮ್ಲಾ! ಅಲ್ಲಿಗೆ ಲೆಕ್ಕವಿಲ್ಲದಷ್ಟು ಸಲ ಬಸ್ಸಿನ ಜೊತೆ ಹೋಗಿದ್ದೇನೆ, ಬಸ್ ಸ್ಟ್ಯಾಂಡಿನ ಗೋಡೆ ಬಿಟ್ಟು ಬೇರೇನೂ ನೋಡಿಲ್ಲ. ಅವಳಂತೂ ಹೋಗಿಯೇ ಇಲ್ಲ. ಪ್ರವಾಸಿಗಳ ಹಾಗೆ ಹೋಟೆಲಿನಲ್ಲಿ ಇಳಿದುಕೊಂಡು, ದೇವದಾರುಗಳ ನಡುವೆ ಕೈಬೀಸಿಕೊಂಡು ಓಡಾಡುತ್ತ, ಆ ವಾಕ್ಯವನ್ನು ಅವಳ ಬಾಯಿಂದ ಬಿಡಿಸಿಬಿಡಬೇಕು.

"ಹಿಮ ನೋಡೋಕೆ ಶಿಮ್ಲಾಕ್ಕಾ?" ಎಂದಳು ಅವಳು, ಮೊಣಕಾಲುದ್ದದ ಹಿಮದಲ್ಲಿ ನಿಂತುಕೊಂಡು. ಆದರೂ ಟ್ರಂಕಿನಿಂದ ಒಳ್ಳೆಯ ಪಟ್ಟು, ಅಂದರೆ ನಮ್ಮ ಕಡೆಯ ಉಣ್ಣೆಯ ಹೊದಿಕೆ, ತೆಗೆದು ಸುತ್ತಿಕೊಂಡು, ಹೆಗಲಿನ ಬಳಿ ಬೆಳ್ಳಿ ಪಿನ್ನು ಸಿಕ್ಕಿಸಿಕೊಂಡು, ತಲೆಗೆ ಕೆಂಪು ವಸ್ತ್ರ ಬಿಗಿದು ಹೊರಟುನಿಂತಳು. ಅವಳು ಹಾಗೆ ನಿಂತದ್ದು ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಬಸ್ಸಿನಲ್ಲಿ ಹೊಳೆ ದಾಟಿದ್ದೇ ತಡ, "ಈಗ ಹೇಳು" ಎಂದೆ.

ಅವಳು ಗಂಟಲು ಸರಿಮಾಡಿಕೊಂಡಳು. "ಮದುವೆ ಆದಾಗಿಂದ ಒಂದೇ ಒಂದು ಸಲ ಆದ್ರೂ ನೀವು..."

"ಶಿಮ್ಲಾ ತೋರಿಸಿದ್ದೀರಾ, ಅಂತ ತಾನೆ? ಇಗೋ, ಕರಕೊಂಡು ಹೋಗ್ತಿದ್ದೀನಲ್ಲ!"

ಅವಳು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ನಾನು ಬಸ್ಸಿನ ಹೊಸ ಕಂಡಕ್ಟರನಿಗೆ ಅವನ ಕೆಲಸ ಕಲಿಸಿಕೊಟ್ಟೆ. ಅವನು ಬಿಲಾಸ್‌ಪುರ ಬರುವ ಹೊತ್ತಿಗೆ ನನ್ನ ಸೀಟಿನ ಕಡೆ ಬರುವುದನ್ನೇ ಬಿಟ್ಟಿದ್ದ.

ಶಿಮ್ಲಾದಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ದೇವದಾರುಗಳು ಭುಜದ ಮೇಲೆ ಹಿಮ ಹೊತ್ತು ಸುಮ್ಮನೆ ನಿಂತಿದ್ದವು. ಬೆಟ್ಟದ ಇಳಿಜಾರಿನ ದೀಪಗಳು ಮಂಜಿನಲ್ಲಿ ಕರಗಿ ಮತ್ತೆ ಹುಟ್ಟುತ್ತಿದ್ದವು. ಲಕ್ಕಡ್ ಬಜಾರಿನಲ್ಲಿ ಮರದ ಬಾಚಣಿಗೆ ಹಿಡಿದು ಖಿಮ್‌ದಾಸಿ ಮತ್ತೆ ಬಾಯಿ ತೆರೆದಳು. "ಒಂದೇ ಒಂದು ಸಲ ಆದ್ರೂ..." "ಬಾಚಣಿಗೆ ಕೊಡಿಸಿದ್ದೀರಾ ಅಂತ ತಾನೆ? ತಗೋ!" ಎಂದು ಕೊಡಿಸಿಯೇಬಿಟ್ಟೆ. ಒಬ್ಬ ಗಂಡ ಇದಕ್ಕಿಂತ ಚುರುಕಾಗಿರಲು ಸಾಧ್ಯವೇ?

ಮಾರನೆಯ ದಿನ ರಿಡ್ಜ್ ಮೈದಾನಕ್ಕೆ ಹೋದೆವು. ಅಲ್ಲಿ ಪ್ರವಾಸಿಗಳಿಗೆ ಬಾಡಿಗೆಯ ಕುಲ್ಲೂ ಉಡುಪು ತೊಡಿಸಿ ಫೋಟೋ ತೆಗೆಯುವವರಿದ್ದಾರೆ. ಒಬ್ಬ ಹಿಂದಿನಿಂದ ಓಡಿಬಂದು, "ಅಮ್ಮಾಜಿ, ಕುಲ್ಲೂ ಡ್ರೆಸ್ ಹಾಕ್ಕೊಂಡು ಒಂದು..." ಎಂದವನು ಅವಳ ಮೈಮೇಲಿನ ಪಟ್ಟು ನೋಡಿ ತೊದಲಿದ. ಅಷ್ಟರಲ್ಲಿ ಲೂಧಿಯಾನಾದ ಒಬ್ಬ ದಪ್ಪ ಹೆಂಗಸು ಗಂಡನನ್ನು ಎಳೆದುಕೊಂಡು ಬಂದಳು.

"ಅಯ್ಯೋ, ಇವರು ಎಷ್ಟು ಅಚ್ಚುಕಟ್ಟಾಗಿ ಹಾಕ್ಕೊಂಡಿದ್ದಾರೆ ನೋಡ್ರೀ! ನಾನು ಇವರ ಪಕ್ಕದಲ್ಲೇ ನಿಂತ್ಕೋತೀನಿ."

ಅವಳು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮೂರು ಸೂರತ್ತಿನ ಸಂಸಾರಗಳು. ನೋಡನೋಡುತ್ತಿದ್ದಂತೆ ನನ್ನ ಹೆಂಡತಿ ಶಿಮ್ಲಾದ ಒಂದು ಪ್ರೇಕ್ಷಣೀಯ ಸ್ಥಳವಾಗಿಬಿಟ್ಟಳು. ಜನರ ಗುಂಪು ಕಂಡರೆ ನನ್ನ ಮೈಯಲ್ಲಿ ಹಳೆಯ ಕಂಡಕ್ಟರ್ ಎದ್ದು ಕೂರುತ್ತಾನೆ. "ಒಬ್ಬೊಬ್ರೇ ಬನ್ನಿ! ಫೋಟೋ ಆದವರು ಮುಂದಕ್ಕೆ ಹೋಗಿ, ಮುಂದಕ್ಕೆ!" ಎಂದು ಸಾಲು ಸರಿಮಾಡತೊಡಗಿದೆ.

ಲೂಧಿಯಾನಾದವಳು ಖಿಮ್‌ದಾಸಿಯ ಕೈ ಹಿಡಿದು, "ಅಕ್ಕಾ, ಇಷ್ಟು ಚೆಂದ ಇದ್ದೀರಿ, ಮುಖ ಯಾಕೆ ಸಪ್ಪಗಿದೆ?" ಎಂದಳು.

"ಏನು ಹೇಳ್ಲಿ ತಂಗಿ, ಇವರು..."

"ಅವಳಿಗೆ ಚಳಿ ಅಷ್ಟೇ!" ಎಂದೆ ನಾನು, ಸಾಲಿನ ಆ ತುದಿಯಿಂದ.

ಖಿಮ್‌ದಾಸಿ ಬಾಚಣಿಗೆಯನ್ನು ನನ್ನ ಮೂಗಿಗೆ ಗುರಿಯಿಟ್ಟು ಹಿಡಿದಳು. ಇಷ್ಟು ದಿನ ದೇವರಿಗಾಗಿ ಕಟ್ಟಿಟ್ಟಿದ್ದ ಗಂಟಲು ಒಮ್ಮೆಲೇ ಬಿಚ್ಚಿಕೊಂಡಿತು.

"ಮದುವೆ ಆದಾಗಿಂದ ಒಂದೇ ಒಂದು ಸಲ ಆದ್ರೂ ನೀವು ನನ್ನ ಮಾತನ್ನ ಕೊನೇವರೆಗೂ ಕೇಳಿದ್ದೀರಾ?"

ಮೈದಾನದ ಜನರೆಲ್ಲ ನಮ್ಮ ಕಡೆ ತಿರುಗಿದರು. ಸವಾರಿಗೆಂದು ನಿಂತಿದ್ದ ಕುದುರೆಗಳೂ ತಿರುಗಿ ನೋಡಿದವು.

"ಅದಕ್ಕೇನಂತೆ, ನಾನು..." ಎಂದೆ.

"ನೋಡಿದ್ರಾ!" ಎಂದಳು ಅವಳು, ಇಡೀ ಶಿಮ್ಲಾಗೆ.

ಆಮೇಲಾದದ್ದನ್ನು ಹೇಗೆ ಹೇಳಲಿ? ಲೂಧಿಯಾನಾದವಳು ತನ್ನ ಗಂಡನ ಕಡೆ ಮೆಲ್ಲನೆ ತಿರುಗಿದಳು. "ನೀವು ಕೇಳಿದ್ದೀರಾ? ಹೇಳಿ. ಒಂದು ಸಲ?" ಸೂರತ್ತಿನ ಮೂವರು ಹೆಂಗಸರೂ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಪ್ರಶ್ನೆ ಸಾಲಿನುದ್ದಕ್ಕೂ ಹರಿದು, ಕಡಲೆಕಾಯಿ ಮಾರುವವನ ಹೆಂಡತಿಯವರೆಗೂ ಮುಟ್ಟಿತು. ಮಂಕಿಟೋಪಿ ಹಾಕಿಕೊಂಡಿದ್ದ ಒಬ್ಬ ಗಂಡ ನನ್ನ ಹತ್ತಿರ ಬಂದು, "ಅಣ್ಣಾ, ಹೊಸದಾಗಿ ಮದುವೆಯಾಗಿ ಬಂದಿದ್ದೆ. ನಿಮಗೆ ಒಳ್ಳೇದಾಗಲ್ಲ" ಎಂದ. "ನಾನಿನ್ನೂ ಮಾತಾಡ್ತಿದ್ದೀನಿ" ಎಂದು ಹಿಂದಿನಿಂದ ಅವನ ಹೆಂಡತಿಯ ದನಿ ಬಂತು. ಅವನು ಓಡಿದ.

ಹೋಟೆಲಿನ ಕೋಣೆಗೆ ಬಂದು ನಾನು ಮಂಚದ ಅಂಚಿನಲ್ಲಿ ಕೂತೆ. ನನಗೆ ನಿಜವಾಗಲೂ ನಾಚಿಕೆಯಾಗಿತ್ತು.

"ಹೇಳು" ಎಂದೆ. "ಕೊನೇವರೆಗೂ ಕೇಳ್ತೀನಿ. ಬಾಯಿ ಬಿಟ್ಟರೆ ನಮ್ಮ ದೇವರಾಣೆ."

ಅವಳು ಅನುಮಾನದಿಂದ ನೋಡಿದಳು. ಆಮೇಲೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಹೊರಗೆ ಹಿಮ ಶುರುವಾಗಿತ್ತು, ಅವಸರವೇ ಇಲ್ಲದ ದೊಡ್ಡ ದೊಡ್ಡ ಹೂಗಳು.

"ನಾನು ಮದುವೆಯಾಗಿ ಬಂದ ದಿನಾನೂ ಹೀಗೇ ಬೀಳ್ತಿತ್ತು" ಎಂದಳು. "ನೀವು ಡೋಲಿನವರ ಜೊತೆ ಮಾತಾಡ್ತಾ ಮುಂದೆ ಹೋಗಿಬಿಟ್ರಿ. ಎಲ್ಲರೂ ನಿಮ್ಮ ಹಿಂದೆ. ನಾನು ಹೊಸ ಹುಡುಗಿ, ಹಿಂದೆ ಉಳಿದೆ. ನೋಡಿದ್ರೆ ದಾರಿ ಇಲ್ಲ, ಊರಿಲ್ಲ, ಬರೀ ಬಿಳಿ. ಕೂಗೋಣ ಅಂದ್ರೆ ನಾಚಿಕೆ. ಅಳು ಬಂತು. ಆಗ ಎಲ್ಲಿಂದಲೋ ಒಂದು ಕೆಂಪು ಹಸು ಬಂತು."

ನನ್ನ ತುಟಿ ಅದುರಿತು. ಹಲ್ಲು ಕಚ್ಚಿ ಹಿಡಿದೆ.

"ಬಂದು ನನ್ನ ಮುಖ ನೋಡ್ತು. ಮೂಗಿಂದ ಹಬೆ ಬರ್ತಿತ್ತು. ತಿರುಗಿ ನಿಧಾನಕ್ಕೆ ನಡೀತು. ಅದು ಕಾಲಿಟ್ಟಲ್ಲಿ ನಾನು ಕಾಲಿಟ್ಟೆ. ಗುಂಡಿ ಗುಂಡಿಯಾಗಿ, ಒಂದಾದ ಮೇಲೆ ಒಂದು, ಬಾಗಿಲವರೆಗೂ. ನಿಮ್ಮ ಮನೆ ಬಾಗಿಲು ಅಂತ ಆಮೇಲೆ ಗೊತ್ತಾಯ್ತು. ಹಸು ಇಷ್ಟು ಒಳ್ಳೇದಿರೋ ಮನೇಲಿ ಬದುಕಬಹುದು ಅಂದ್ಕೊಂಡೆ. ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ ನಿಮಗೆ ಇದನ್ನ ಹೇಳೋಕೆ ಬರ್ತೀನಿ. ಪ್ರತಿ ವರ್ಷ ನೀವು ತಡೀತೀರಿ. ಈ ಸಲ ದೇವರು ಹೋದ ಮೇಲೆ ಮನೆ ಎಷ್ಟು ಸುಮ್ಮನಿತ್ತು ಅಂದ್ರೆ, ಆ ಹಸು ನಡೆದ ಸದ್ದು ಕೇಳಿದ ಹಾಗಾಗ್ತಿತ್ತು. ಅದಕ್ಕೇ ನಗು ಬರ್ತಿತ್ತು."

ಅವಳ ಕಣ್ಣು ಒದ್ದೆಯಾಗಿತ್ತು. ಕಿಟಕಿಯ ಆಚೆ ಇಡೀ ಬೆಟ್ಟ ಮಾಯವಾಗಿತ್ತು. ಮದುವೆಯಾದಂದಿನಿಂದ ಮೊದಲ ಬಾರಿಗೆ ನಾನು ಒಂದು ಮಾತನ್ನು ಅದರ ಕೊನೆಯವರೆಗೂ ಕೇಳಿದ್ದೆ. ನನ್ನೆದೆಯೂ ತುಂಬಿ ಬಂದಿತ್ತು, ಸುಳ್ಳಲ್ಲ.

"ಮುಗೀತು" ಎಂದಳು ಅವಳು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ಈಗ ನೀವು ಏನಾದ್ರೂ ಹೇಳಿ."

ಹೇಳಲು ಎಷ್ಟೆಲ್ಲ ಇತ್ತು! ಹಿಂದೆ ಬಿಟ್ಟುಹೋದೆ, ತಪ್ಪಾಯಿತು ಎನ್ನಬಹುದಿತ್ತು. ಏನೂ ಹೇಳದೆ ಅವಳ ಕೈ ಹಿಡಿಯಬಹುದಿತ್ತು.

"ಹಸು ಕೆಂಪಲ್ಲ, ಕಪ್ಪು" ಎಂದೆ. "ಕೆಂಪು ಹಸು ತಂದದ್ದು ಅದರ ಮಾರನೇ ವರ್ಷ."

ಫಾಲ್ಗುಣ ಬಂತು. ದೇವರು ಸ್ವರ್ಗದಿಂದ ತಿರುಗಿ ಬಂದ. ಊರೆಲ್ಲ ಡೋಲು, ಕೊಂಬು, ನಗು. ಪಕ್ಕದ ಮನೆಯ ರೇಡಿಯೋ ಬೆಳಿಗ್ಗೆಯಿಂದ ಕಿರುಚುತ್ತಿದೆ. ನಮ್ಮ ಮನೆಗೆ ಮಾತ್ರ ದೇವರು ಇನ್ನೂ ಬಂದಿಲ್ಲ. ಖಿಮ್‌ದಾಸಿ ಈಗ ಪಿಸುಗುಟ್ಟುವುದೂ ಇಲ್ಲ, ಉಪ್ಪು ಬೇಕೆಂದರೆ ಡಬ್ಬಿಯ ಕಡೆ ಬೆರಳು ತೋರಿಸುತ್ತಾಳೆ. ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಹಸುವಿನೊಂದಿಗೆ ಬಾಯ್ತುಂಬ ಮಾತಾಡುತ್ತಾಳೆ. ಅದು ನಡುವೆ ಬಾಯಿ ಹಾಕುವುದಿಲ್ಲ. ನಾನು ಬಾಗಿಲ ಹೊರಗೆ ಚಳಿಯಲ್ಲಿ ನಿಂತು, ಒಂದಕ್ಷರವೂ ತಪ್ಪದಂತೆ ಕೊನೆಯವರೆಗೂ ಕೇಳಿಸಿಕೊಳ್ಳುತ್ತೇನೆ.

ಆದರೂ ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ, ಅವಳ ಕಿವಿಗೆ ಹಾಕಬೇಡಿ: ಆ ಹಸು ಕಪ್ಪೇ.