ಲೋಳೆಯ ಬೆಳವಣಿಗೆ ದರ

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ಉತ್ತುಂಗಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಪ್ರಗತಿವರ್ಧನ. ಆತನಿಗೆ ಏನಾದರೂ ಬೆಳೆಯುತ್ತಿರಬೇಕು; ಏನು ಎಂಬ ಬಗ್ಗೆ ಹಟವಿರಲಿಲ್ಲ. ಆ ವರ್ಷ ಬೆಳೆದದ್ದು ಊರಿಗೆ ಕುಡಿಯುವ ನೀರು ತರುವ ಕಲ್ಲುಕಾಲುವೆಯ ಗೋಡೆಗೆ ಅಂಟಿದ್ದ ಲೋಳೆಯೊಂದೇ.

ಈ ಲೋಳೆಯ ಸ್ವಭಾವ ಜಲಮಂತ್ರಿ ಸಿಂಗಣಾರ್ಯರಿಗೆ ಚೆನ್ನಾಗಿ ಗೊತ್ತಿತ್ತು. ಅದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಕೂಡಿ ಕಟ್ಟಿಕೊಂಡ ಊರು. ನೀರು ರಭಸವಾಗಿ ಹರಿದರೆ ಅವು ತೆಳ್ಳಗೆ, ಒತ್ತೊತ್ತಾಗಿ, ಕಲ್ಲನ್ನು ಕಚ್ಚಿಕೊಂಡು ಬಾಳುತ್ತವೆ. ನಿಧಾನವಾಗಿ ಹರಿದರೆ ದಪ್ಪಗೆ ಉಬ್ಬುತ್ತವೆ, ಆದರೆ ಹಿಡಿತ ಸಡಿಲ. ಹಾಗೆ ಉಬ್ಬಿದ್ದರ ಮೇಲೆ ಒಮ್ಮೆಲೇ ನೀರು ನುಗ್ಗಿದರೆ ಎಲ್ಲವೂ ಕಿತ್ತು ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅವರು ಮಂತ್ರಿಯಾಗಿ ಉಳಿದಿದ್ದರೆಂದರೆ, ಬಾಯಿ ಮುಚ್ಚಿಕೊಂಡಿರುವುದೂ ಗೊತ್ತಿತ್ತೆಂದೇ ಅರ್ಥ.

"ಎಷ್ಟು ದಪ್ಪ ಇದೆಯಯ್ಯಾ?" ಎಂದು ದೊರೆ ಕೇಳಿದ.

"ಒಂದು ಬೆರಳು, ಮಹಾಪ್ರಭು."

"ಟಾರ್ಗೆಟ್ ನಾಲ್ಕು!"

ಅಂದೇ ರಾಜಾಜ್ಞೆ ಹೊರಟಿತು: ಲೋಳೆಯ ದಪ್ಪವೇ ರಾಜ್ಯದ ಬೆಳವಣಿಗೆ ದರ, ಅದಕ್ಕೆ ಅಡ್ಡಿಯಾಗದಂತೆ ತೂಬನ್ನು ಮುಕ್ಕಾಲು ಮುಚ್ಚತಕ್ಕದ್ದು, ಗೋಡೆ ಉಜ್ಜಿದವರು ಅಭಿವೃದ್ಧಿ ವಿರೋಧಿಗಳು. ಜನ ಸಣ್ಣಗೆ ಸುರಿಯುವ ನೀರಿಗೆ ಕೊಡ ಹಿಡಿದು ನಿಂತರು. ಲೋಳೆ ಮೈತುಂಬಿಕೊಂಡಿತು. ಹರಡಲು ಜಾಗ ಸಾಲದೆ ಅದು ಸುಕ್ಕುಗಟ್ಟಿದಾಗ, ಆಸ್ಥಾನಕವಿ ಆ ಸುಕ್ಕುಗಳಲ್ಲಿ ರಾಜಮುದ್ರೆಯನ್ನು ಕಂಡು ಉಂಬಳಿ ಪಡೆದ.

ಟಾರ್ಗೆಟ್ ಮುಟ್ಟಿತು. ಪಟ್ಟಾಭಿಷೇಕದ ವಾರ್ಷಿಕೋತ್ಸವದಂದು ತೂಬನ್ನು ಪೂರ್ತಿ ತೆರೆದು, ಧುಮ್ಮಿಕ್ಕುವ ನೀರಿನಲ್ಲಿ ಲೋಳೆಯ ವೈಭವ ತೋರಿಸಬೇಕೆಂದು ದೊರೆಗೆ ಆಸೆ. ಅರಮನೆಗೆ ಬೇರೆ ಬಾವಿಯಿತ್ತು.

ಆ ದಿನ ಸಿಂಗಣಾರ್ಯರು ಉತ್ಸವಕ್ಕೆ ಹೊರಟಾಗ ಹೆಂಡತಿ ನಾಗಲಾಂಬೆ ತಡೆದಳು. "ನೋಡ್ರಿ, ಮಗಳು ತುಂಬಿದ ಬಸುರಿ. ಅದೆಲ್ಲ ಕಿತ್ಕೊಂಡು ನಮ್ಮ ಹಂಡೆಗೇ ಬರತ್ತೆ ಅಂತ ನೀವೇ ಅಂದಿದ್ದು. ದೊರೆಗೆ ಒಂದು ಮಾತು ಹೇಳಬಾರದೇನ್ರಿ?"

"ಹೇಳ್ತೀನಿ ಕಣೇ, ಸಮಯ ನೋಡಿ."

ಸಮಯ ಬಂತು. "ತೂಬು ತೆಗೆಸಲೇ? ಏನಂತೀರಿ ಮಂತ್ರಿಗಳೇ?" ಎಂದು ದೊರೆಯೇ ಕೇಳಿದ. ಪಕ್ಕದ ತಟ್ಟೆಯಲ್ಲಿ ಜರಿಶಾಲು ಮಿನುಗುತ್ತಿತ್ತು. ಸಿಂಗಣಾರ್ಯರು ಅದನ್ನೊಮ್ಮೆ ನೋಡಿ ಕೈಮುಗಿದರು.

"ತಮ್ಮ ಅಪ್ಪಣೆಯಿಲ್ಲದೆ ಲೋಳೆ ಅಲ್ಲಾಡೀತೆ, ಪ್ರಭು?"

ಕೇಳಿದವರು ಛೀ ಎನ್ನಬೇಕಿತ್ತು. ಆಸ್ಥಾನ ಚಪ್ಪಾಳೆ ತಟ್ಟಿತು.

ಲೋಳೆಗೆ ಅಪ್ಪಣೆ ತಿಳಿಯಲಿಲ್ಲ. ನೀರು ನುಗ್ಗಿದ್ದೇ ತಡ, ಕಂಬಳಿ ಕಂಬಳಿಯಾಗಿ ಕಿತ್ತು ಬಂದು ಊರಿನ ಕೊಡ, ಹಂಡೆ, ಬಿಂದಿಗೆಗಳಿಗೆಲ್ಲ ಇಳಿಯಿತು. ಮನೆಮನೆಯಲ್ಲೂ ವಾಂತಿಭೇದಿ ಶುರುವಾಯಿತು. ಬೋಳಾದ ಕಾಲುವೆ ಕಂಡು ದೊರೆ ಅರೆಗಳಿಗೆ ಪೆಚ್ಚಾದ. ಆಮೇಲೆ ಎದೆಯುಬ್ಬಿಸಿ ಸಾರಿದ: "ಅಭಿವೃದ್ಧಿ ಮನೆ ಮನೆಗೆ ತಲುಪಿತು! ಫಲಾನುಭವಿಗಳು ಕರ ಕಟ್ಟತಕ್ಕದ್ದು!" ಸಿಂಗಣಾರ್ಯರಿಗೆ ಶಾಲಿನ ಜೊತೆ 'ಅಭಿವೃದ್ಧಿ ಭಗೀರಥ' ಎಂಬ ಬಿರುದೂ ದೊರೆಯಿತು.

ಮನೆಯಲ್ಲಿ ಮಗಳು ಎದ್ದು ಕೂರಲಾರದೆ ಮಲಗಿದ್ದಳು. ನಾಗಲಾಂಬೆ ಗಂಡನ ಹೆಗಲಿನಿಂದ ಶಾಲನ್ನೆಳೆದು, ಕೊಡದ ಬಾಯಿಗೆ ಕಟ್ಟಿ ನೀರು ಸೋಸತೊಡಗಿದಳು. ಅಷ್ಟರಲ್ಲಿ ಕರ ವಸೂಲಿಯವನು ಒಳಗೆ ಬಂದ. ಶಾಲಿನ ಮೇಲೆ ನಿಂತಿದ್ದ ಲೋಳೆಗೆ ಬೆರಳಿಟ್ಟು ಅಳೆದ.

"ತಮ್ಮನೆಗೆ ಸ್ವಲ್ಪ ಜಾಸ್ತಿನೇ ತಲುಪಿದೆ ಸ್ವಾಮಿ," ಎಂದು ಕೈಯೊಡ್ಡಿದ.